ಮೈದುನನಿಗೊಂದು ಕೋಣೆ

ನನ್ನ ಅಕ್ಕ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎರಡು ಮೇಜುಗಳ ನಡುವೆ, ಮೊಣಕೈ ಅಗಲಿಸಲೂ ಆಗದ ಜಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಮನೆಗೆ ಬಂದವಳೇ ಕುರ್ಚಿ ಎಳೆದುಕೊಂಡು ಕೆಂಪಿಯ ಮುಂದೆ ಕೂರುತ್ತಿದ್ದಳು. ಕೆಂಪಿ ಅಂದರೆ ಅವಳು ಸಾಕಿದ, ವಿಷವಿಲ್ಲದ ಹಾವು. ನಡುಮನೆಯ ಗೋಡೆಯುದ್ದಕ್ಕೂ ಇದ್ದ, ಹಲಗೆಗೆ ಗಾಜು ಕೂರಿಸಿದ ಪೆಟ್ಟಿಗೆಯಲ್ಲಿ ಅದು ಮೈ ಪೂರ್ತಿ ಚಾಚಿ ಮಲಗಿದರೆ, "ನೋಡೇ, ನನ್ನ ಬೆನ್ನುನೋವೇ ಹೋಯ್ತು" ಎನ್ನುತ್ತಿದ್ದಳು. ನಾನಂತೂ ಹಾವು ಕಂಡರೆ ಮಾರು ದೂರ ಓಡುವವಳು. ಆದರೂ ಅಕ್ಕನ ಆ ಸುಖಕ್ಕೆ ಕಲ್ಲು ಹಾಕಿದವನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ.

ಕಲ್ಲು ಹಾಕಿದವನು ಅವಳ ಮೈದುನ. ಮರಗೆಲಸದವನು, ಅದೇ ಮನೆಯ ಮಹಡಿಯಲ್ಲಿರುವವನು. ನನ್ನ ಹೆರಿಗೆಗೆ ಭಾವನ ಜೊತೆ ಬರುವಾಗ ಅಕ್ಕ ಕೆಂಪಿಯನ್ನು ಅವನಿಗೆ ಒಪ್ಪಿಸಿ ಬಂದಿದ್ದಳು. ಅವಳು ಬೆನ್ನು ತಿರುಗಿಸಿದ್ದೇ ತಡ, ಪುಣ್ಯಾತ್ಮ ಪೆಟ್ಟಿಗೆ ಬಿಚ್ಚಿ, ಅದರ ಹಲಗೆಗಳನ್ನು ಯಾರದೋ ಚಪ್ಪಲಿ ಕಪಾಟಿಗೆ ಬಡಿದ. ಕೆಂಪಿಯನ್ನು ಮೇಜಿನ ಡ್ರಾಯರಿನಲ್ಲಿ ಪೇಪರ್ ಹಾಸಿ ತುರುಕಿದ. ಅಕ್ಕ ವಾಪಸು ಬಂದು ಡ್ರಾಯರ್ ಎಳೆದರೆ, ಹೊರಬರಲು ಉಜ್ಜಿ ಉಜ್ಜಿ ಹಾವಿನ ಮೂತಿಯ ಚರ್ಮವೇ ಕಿತ್ತುಹೋಗಿತ್ತು.

"ಹಾವು ಸುತ್ತಿಕೊಂಡೇ ಇರುತ್ತಲ್ಲ ಅತ್ತಿಗೆ, ಅದಕ್ಕ್ಯಾಕೆ ಅಷ್ಟು ಜಾಗ? ಈಗ ಪೇಪರ್ ಎಳೆದು ಬಿಸಾಕಿದ್ರೆ ಆಯ್ತು. ಕ್ಲೀನ್ ಮಾಡೋಕೆ ಸುಲಭ" ಎಂದ.

"ಚಾಚೋಕೆ ಜಾಗ ಕೊಡದಿದ್ರೆ ಮತ್ತೆ ಉಜ್ಜುತ್ತೆ. ಆಮೇಲೆ ಉಳಿಯಲ್ಲ" ಎಂದರು ಅಕ್ಕ ಕೆಂಪಿಯನ್ನು ಒಯ್ದು ತೋರಿಸಿದ ಪಶುವೈದ್ಯರು.

ಪೆಟ್ಟಿಗೆ ಕಟ್ಟಿಕೊಡು ಎಂದು ಅಕ್ಕ ಮೈದುನನನ್ನು ಕೇಳಿದರೆ, ನಾಳೆ ನೋಡೋಣ ಎಂದ. ದೇವರು ದೊಡ್ಡವನು! ಆ ನಾಳೆಯೇ ಏಣಿಯಿಂದ ಬಿದ್ದು, ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಮಹಡಿ ಹತ್ತುವಂತಿರಲಿಲ್ಲ. ಅಕ್ಕ ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯಲ್ಲಿ ಹಳೇ ಪೇಪರ್ ಹಾಸಿ, ಅದರ ಮೇಲೆ ಅವನ ಹಾಸಿಗೆ ಹಾಕಿದಳು. ಈ ಚೆಂದ ನೋಡಲೆಂದೇ ನಾನು ಕೂಸನ್ನೆತ್ತಿಕೊಂಡು ಹೋದೆ.

"ಅತ್ತಿಗೆ, ಕಾಲು ಚಾಚೋಕೇ ಆಗ್ತಿಲ್ಲ!"

"ಮಲಗಿರೋನಿಗೆ ಯಾಕಪ್ಪಾ ಅಷ್ಟು ಜಾಗ? ಕ್ಲೀನ್ ಮಾಡೋಕೆ ಸುಲಭ."

ಭಾವ ತಮ್ಮನ ಪರವಾಗಿ ಬಾಯಿ ತೆರೆದರು. ಅಕ್ಕ ಒಮ್ಮೆ ದುರುಗುಟ್ಟಿ ನೋಡಿದಳು. ತೆರೆದ ಬಾಯಿಗೆ ಕಾಫಿ ಸುರಿದುಕೊಂಡರು. ನನಗಂತೂ ಹೊಟ್ಟೆ ತಣ್ಣಗಾಯಿತು.

ಪ್ಲಾಸ್ಟರ್ ಕಾಲು ಗೋಡೆಗೆ ತಗುಲಿ, ನೆಟ್ಟಗೆ ಮಲಗಲಾಗದೆ ಅವನು ಒರಗಿಕೊಂಡೇ ಕೂತಿದ್ದ. ಬೆಳಗಾಗುವಷ್ಟರಲ್ಲಿ ಬುದ್ಧಿ ಬಂದಿತ್ತು. "ಹಲಗೆ, ಗರಗಸ ತಂದ್ಕೊಡಿ. ಕೂತಲ್ಲೇ ಮಾಡ್ತೀನಿ" ಎಂದ. ಅವನು ಬಾಗಿಲಲ್ಲಿ ಕೂತು ಕೊಯ್ದ, ಭಾವ ನಡುಮನೆಯಲ್ಲಿ ಹಳೇ ಗಾಜು ಕೂರಿಸಿ ಜೋಡಿಸಿದರು.

ಹೊಸ ಪೆಟ್ಟಿಗೆಗೆ ಬಿಟ್ಟಾಗ ಕೆಂಪಿ ಸ್ವಲ್ಪ ಹೊತ್ತು ಮುದುಡಿಕೊಂಡೇ ಇತ್ತು. ಆಮೇಲೆ ಮೆಲ್ಲಗೆ ಸುರುಳಿ ಬಿಚ್ಚಿ, ಗೋಡೆಯುದ್ದಕ್ಕೂ ಚಾಚಿಕೊಂಡಿತು. ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅತ್ತಿಗೆ, ಇನ್ನಾದ್ರೂ ನಾನು ನಡುಮನೆಗೆ ಬರಲಾ?" ಒಳಗಿನಿಂದ ದನಿ ಬಂತು.

ಅಕ್ಕ ಕೆಂಪಿಯ ಮೂತಿಯ ಹಸಿ ಗಾಯವನ್ನೇ ನೋಡಿದಳು. ಎದ್ದು ಹೋಗಿ, ಅವನ ಹಾಸಿಗೆಯಡಿಯ ಪೇಪರ್ ಎಳೆದು ಹೊಸದು ಹಾಸಿದಳು.

"ಮೊದಲು ಅವಳ ಮೂತಿ ವಾಸಿಯಾಗಲಿ" ಎಂದು ಬಾಗಿಲು ಎಳೆದುಕೊಂಡಳು.

ಚಿಲಕ ಹಾಕಿದವಳು ನಾನು.