ಒಂದು ಬರ್ಗರ್ ಉಚಿತ

ವಾಮದಪದವಿನ ಶಮ್ನಾ ಪಿಯುಸಿ ಮುಗಿಸಿ ಮೂಡುಬಿದಿರೆಯ ಬರ್ಗರ್ ಅಂಗಡಿಯೊಂದರ ಕೌಂಟರಿಗೆ ಸೇರಿದ್ದಳು. ಗಿರಾಕಿ ಬಾಗಿಲು ತಳ್ಳುವಾಗಲೇ ತುಳುವಿನಲ್ಲಿ ಮಾತಾಡಬೇಕೋ ಬ್ಯಾರಿಯಲ್ಲೋ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಕಾಲೇಜು ಮಕ್ಕಳು ಅವಳಿದ್ದ ಸಾಲಿಗೇ ಬಂದು ನಿಲ್ಲುತ್ತಿದ್ದರು.

ಮಾಲೀಕ ಶಶಿರಾಜ್ ರಿಯಾಯಿತಿ ಕೂಪನ್ ಅಚ್ಚು ಹಾಕಿಸಿದಾಗ ಮೊದಲು ಓದಿದವಳೂ ಅವಳೇ. 'ವೆಜ್ ಬರ್ಗರ್ ಕೊಂಡರೆ ಒಂದು ಬರ್ಗರ್ ಉಚಿತ.' ಆದರೆ ಉಚಿತವಾಗಿ ಕೊಡುವುದು ಚಿಕನ್ ಬರ್ಗರ್.

"ಸರ್, ಜನ ಎರಡೂ ವೆಜ್ ಅಂತಲೇ ತಿಳಿಯುತ್ತಾರೆ. ಚಿಕನ್ ಅಂತ ಬರೆಸುವ."

"ಬರೆಸಿದರೆ ವೆಜ್‌ನವರು ಬರುವುದುಂಟಾ? ನೀನು ಬಾಯಲ್ಲಿ ಹೇಳು, ಸಾಕು."

ಅವಳು ಎಲ್ಲರಿಗೂ ಹೇಳಿದಳು. ಮೊಮ್ಮಗಳಿಗೆಂದು ಕೂಪನ್ ಹಿಡಿದು ಬಂದ, ಬಸದಿಯ ಹತ್ತಿರದ ಮನೆಯ ವೃದ್ಧೆ ಅನಂತಮತಿಯವರಿಗೂ ಹೇಳಿದಳು. ಆ ಸಂಜೆ ಅಂಗಡಿ ತುಂಬಿತ್ತು, ಹಾಡು ಜೋರಾಗಿತ್ತು. ಅವರು ತಲೆಯಾಡಿಸಿ ಪೊಟ್ಟಣ ತೆಗೆದುಕೊಂಡು ಹೋದರು.

ಮರುದಿನ ಇಬ್ಬರು ಗಂಡಸರು ಬಂದರು. ಗಲಾಟೆ ಮಾಡಲಿಲ್ಲ. ಒಬ್ಬ ಅವಳ ಮುಖದ ಮುಂದೆ ಮೊಬೈಲ್ ಹಿಡಿದ.

"ಜೈನರ ಮಗುವಿಗೆ ಚಿಕನ್ ಕೊಟ್ಟದ್ದು ನೀನಾ?"

"ನಾನೇ ಕೊಟ್ಟದ್ದು. ಆದರೆ ಮೊದಲೇ ಹೇಳಿದ್ದೆ, ಕೂಪನ್ನಿನಲ್ಲಿ..."

"ಹೆಸರು?"

ಹೇಳಿದಳು. "ಸಾಕು," ಎಂದು ಹೊರಟುಹೋದರು.

ಮಧ್ಯಾಹ್ನದೊಳಗೆ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. 'ನಾನೇ ಕೊಟ್ಟದ್ದು' ಎಂಬ ಮಾತು ಮತ್ತು ಅವಳ ಹೆಸರು, ಅದರಲ್ಲಿದ್ದದ್ದು ಅಷ್ಟೇ.

"ಕೂಪನ್ನಿನಲ್ಲಿ ಹಾಗೆ ಬರೆಸಿದ್ದು ನೀವು ಅಂತ ಒಂದು ಮಾತು ಹೇಳಿ ಸರ್," ಎಂದಳು ಶಮ್ನಾ.

ಶಶಿರಾಜ್ ಉಳಿದ ಕೂಪನ್ನುಗಳನ್ನು ಡಬ್ಬಕ್ಕೆ ತುಂಬುತ್ತಿದ್ದ. "ಸ್ವಲ್ಪ ದಿನ ನೀನು ಬರುವುದು ಬೇಡ," ಎಂದ.

ಅಷ್ಟರಲ್ಲಿ ಅನಂತಮತಿ ಏದುಸಿರು ಬಿಡುತ್ತ ಬಂದರು. "ಹುಡುಗಿ ಏನೋ ಹೇಳಿದ್ದು ಹೌದು, ನನಗೆ ಕೇಳಿಸಲಿಲ್ಲ. ಪೊಟ್ಟಣದಲ್ಲಿ ಚಿಕನ್ ಇತ್ತೆಂದು ಪಕ್ಕದ ಮನೆಯಲ್ಲಿ ಸುಮ್ಮನೆ ಮಾತಿಗೆ ಹೇಳಿದ್ದೆ, ಅಷ್ಟೆ. ಬಂದವರು ಯಾರೆಂದು ನನಗೆ ಗೊತ್ತಿಲ್ಲ ಮಗಾ. ನಾವು ಯಾರನ್ನೂ ಕಳಿಸಲಿಲ್ಲ."

ಜೊತೆಗೆ ಕೆಲಸ ಮಾಡುತ್ತಿದ್ದ ಮೋಕ್ಷಿತಾ ಅವರ ಮಾತನ್ನೂ ವಿಡಿಯೋ ಮಾಡಿ ಹಾಕಿದಳು. ನೋಡಿದವರು ಕಡಿಮೆ.

ಶಮ್ನಾ ಊರಿನ ಬಸ್ಸು ಹತ್ತಿದಳು. ಹಿಂದೆಯೇ ಒಂದು ಬೈಕ್. ಬಸ್ಸು ನಿಂತಲ್ಲೆಲ್ಲ ಅದೂ ನಿಲ್ಲುತ್ತಿತ್ತು. ಅವಳು ಅಪ್ಪನಿಗೆ ಫೋನ್ ಮಾಡಿದಳು. ವಾಮದಪದವಿನಲ್ಲಿ ಇಳಿಯುವಾಗ ಅವರು ಕಾಯುತ್ತಿದ್ದರು. ಬೈಕ್ ನಿಧಾನವಾಗಿ ಅವರನ್ನು ದಾಟಿ ತಿರುವಿನಲ್ಲಿ ನಿಂತಿತು. ಅದರ ಮೇಲಿದ್ದವ ತಿರುಗಿ ನೋಡಲೂ ಇಲ್ಲ.

ಬೆಳಗ್ಗೆ ಅಪ್ಪ ಅವಳ ಬಟ್ಟೆಯ ಚೀಲವನ್ನು ರಿಕ್ಷಾದಲ್ಲಿಟ್ಟರು, ಮಾಣಿ ಎಂಬ ಊರಿನಲ್ಲಿರುವ ಚಿಕ್ಕಮ್ಮನ ಮನೆಗೆಂದು.

"ಎಷ್ಟು ದಿನ ಅಲ್ಲಿ?" ಎಂದು ಕೇಳಿದಳು.

ಅಪ್ಪ ರಸ್ತೆಯ ಎರಡೂ ಕಡೆ ನೋಡಿದರು. "ಮೊದಲು ಹೋಗುವ," ಎಂದರು.