ಬಸ್ಸು ನಿಲ್ಲುವಷ್ಟು ಮಾತು

ದುಬಲಗುಂಡಿಯ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಮೋಟುಗೋಡೆ ಇದೆ. ಅದಕ್ಕೆ ಕರಿ ಬಣ್ಣ ಬಳಿದು ಹಲಗೆ ಮಾಡಿದವರು ನಮ್ಮ ಕಾಕಾ, ಅಂದರೆ ನಮ್ಮಪ್ಪನ ತಮ್ಮ. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೂ ಅವರ ಕೈ ಸೀಮೆಸುಣ್ಣ ಬಿಡಲಿಲ್ಲ. ಹುಮನಾಬಾದಿಗೆ ಹೋಗುವ ಮೊದಲ ಬಸ್ಸು ಬರುವುದರೊಳಗೆ ಅದರ ಮೇಲೆ ದೊಡ್ಡವರ ಒಂದು ಮಾತು ಬರೆದಿರುತ್ತಿದ್ದರು. ಕೆಳಗೆ ಒಂದು ಗೀಟು, ಗೀಟಿನ ಮುಂದೆ ಹೇಳಿದವರ ಹೆಸರು. ಇವತ್ತು ಶರಣರು, ನಾಳೆ ಗ್ರೀಸಿನ ಒಬ್ಬ ಜ್ಞಾನಿ, ನಾಡಿದ್ದು ಚೀನಾದ ಯಾರೋ ಹಿರಿಯ.

ಅವರದು ಎರಡು ಕಟ್ಟಳೆ. ಬಸ್ಸು ನಿಂತು ಹೊರಡುವುದರೊಳಗೆ ಕಿಟಕಿಯಲ್ಲಿ ಕೂತವರು ಓದಿ ಮುಗಿಸಬೇಕು, ಮಾತು ಅಷ್ಟೇ ಉದ್ದ ಇರಬೇಕು. ಮತ್ತೆ, ತನ್ನ ಸ್ವಂತದ್ದನ್ನು ಅಪ್ಪಿತಪ್ಪಿಯೂ ಬರೆಯಬಾರದು. "ಗ್ವಾಡಿ ನಂದು, ಮಾತು ದೊಡ್ಡವರ್ದು," ಎನ್ನುವರು.

ಕಟ್ಟಳೆ ಗೋಡೆಗಷ್ಟೇ ಇತ್ತು, ಬಾಯಿಗಿರಲಿಲ್ಲ. ನಾಲ್ಕು ಪದದ ಮಾತು ಬರೆದು ಅದಕ್ಕೆ ನಾಲ್ಕು ಊರು ಸುತ್ತಿಸಿ ಅರ್ಥ ಹೇಳುವರು. ಅವರ ವಿವರಣೆ ಕೇಳುತ್ತ ನಿಂತು ಬಸ್ಸು ತಪ್ಪಿಸಿಕೊಂಡವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಹೆಂಡತಿ, ನಮ್ಮ ಕಾಕು, ಪಕ್ಕದಲ್ಲೇ ಇದ್ದ ಮನೆಯ ಒಳಗಿನಿಂದಲೇ ಚುಚ್ಚುವಳು, "ಪಾಪ, ಆ ದೊಡ್ಡವರು ಒಂದ ಮಾತಿನಾಗ ಹೇಳಿ ಸತ್ರು. ನಿಮಗ ಜಲ್ಮ ಸಾಲವಲ್ದು."

ಹೀಗೆ ಗಂಡನನ್ನು ಮೂದಲಿಸುವ ಕಾಕು ಗಂಡನ ಹೆಸರು ಮಾತ್ರ ಹೇಳುತ್ತಿರಲಿಲ್ಲ. "ನಮ್ಮನಿಯವರು" ಅಂದರೆ ಮುಗಿಯಿತು. ಮದುವೆಯಲ್ಲಿ, ಬಸುರಿಯರ ಕುಬಸದಲ್ಲಿ ಹೆಂಗಸರು ಅಡ್ಡಗಟ್ಟಿ ಕೇಳಿದರೆ ಪ್ರಾಸ ಕಟ್ಟಿದ ಒಡಪಿನ ನಡುವೆ ಆ ಹೆಸರನ್ನು ಮುಚ್ಚಿಟ್ಟು, ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಿ ನಗುವಳು. ನಮ್ಮ ಕಡೆಯ ಹೆಂಗಸರ ರೂಢಿಯೇ ಅದು.

ನನ್ನನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದಾರೆ. ಅಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಕಲ್ಯಾಣದಲ್ಲಿ ಶರಣರ ಮಾತಿಗೇನೂ ಬರವಿಲ್ಲ. ಲಗ್ನಪತ್ರಿಕೆಯ ನೆತ್ತಿಯ ಮೇಲೆ, ಟ್ರ್ಯಾಕ್ಟರಿನ ಬೆನ್ನಿನ ಮೇಲೆ, ಕಿರಾಣಿ ಅಂಗಡಿಯ ಕ್ಯಾಲೆಂಡರಿನ ಮೇಲೆ ಎಲ್ಲೆಲ್ಲೂ ಅದೇ. ದಿನಾ ಕಾಣುವುದರಿಂದ ಯಾರೂ ಓದುವುದಿಲ್ಲ, ನಾನೂ ಓದುತ್ತಿರಲಿಲ್ಲ. ಒಮ್ಮೆ ಕಾಕಾ ಅಂಗಡಿಗೆ ಬಂದವರು ಒಂದು ಲಗ್ನಪತ್ರಿಕೆ ಎತ್ತಿಕೊಂಡು ಕೇಳಿದರು, "ಇದನ್ನ ಹೇಳಿದವರು ಯಾರು ಗೊತ್ತೇನವ್ವ? ಚಪ್ಪಲಿ ಹೊಲಿಯೋರು, ಅರಿವಿ ಒಗೆಯೋರು, ಹಗ್ಗ ಹೊಸೆಯೋರು. ಉದ್ದ ಮಾತಾಡಲಿಕ್ಕ ಪುರುಸೊತ್ತರ ಎಲ್ಲಿತ್ತು ಅವರಿಗೆ?" ಅಂದಿನಿಂದ ಆ ಗಿಡ್ಡ ಮಾತುಗಳ ಮೇಲೆ ನನಗೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ. ದುಡಿಯುವ ಕೈ ನಿಲ್ಲಿಸದೆ ಆಡಿದ ಮಾತು ಇಷ್ಟು ಕಾಲ ಬಾಳಿದೆ ಎಂದರೆ ಸುಮ್ಮನಲ್ಲ. ಅದನ್ನು ವಿವರಿಸಲು ಕಾಕಾ ತೆಗೆದುಕೊಂಡದ್ದು ಇಡೀ ಮಧ್ಯಾಹ್ನ, ಅದು ಬೇರೆ ಮಾತು.

ಕಳೆದ ಶ್ರಾವಣದಲ್ಲಿ ಕಾಕಾಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ನಾಲಗೆ ತೊಡರಿತು. ಹುಮನಾಬಾದಿನ ಡಾಕ್ಟರು ಸ್ಪಷ್ಟವಾಗಿ ಹೇಳಿದರು, "ಅವರನ್ನ ಮಾತಾಡಸ್ರಿ. ಸುಮ್ಮನ ಕೂಡಿಸಿದ್ರ ಇದ್ದ ಮಾತೂ ಹೋಗ್ತದ."

ಮಾತಾಡಿಸಲು ಊರಿಗೆ ಊರೇ ಬಂತು. ಎಡವಟ್ಟಾದದ್ದು ಅಲ್ಲಿಯೇ. ನಮ್ಮ ಜನಕ್ಕೆ ಕಷ್ಟಪಡುವವರನ್ನು ನೋಡುತ್ತ ನಿಲ್ಲಲು ಬರುವುದಿಲ್ಲ, ಭಾರ ಹೊತ್ತವರನ್ನು ಕಂಡರೆ ಕೈ ಹಾಕಿಯೇ ಹಾಕುತ್ತಾರೆ. ಕಾಕಾ "ನೀ..." ಎಂದು ತಡವರಿಸಿದರೆ ಒಬ್ಬರು ನೀರು ತರಲು ಓಡುವರು. "ಬಾ..." ಎಂದರೆ ಇನ್ನೊಬ್ಬರು ಬಾಗಿಲು ಹಾಕುವರು. ಕೂತವರೆಲ್ಲ ಅವರ ಬಾಯಿಂದ ಮಾತು ಕಸಿದು ತಾವೇ ಪೂರ್ತಿ ಮಾಡುವರು. ಪ್ರೀತಿ ಇತ್ತು, ತಾಳ್ಮೆ ಇರಲಿಲ್ಲ. ವಾರ ಕಳೆಯುವುದರೊಳಗೆ ಕಾಕಾ ಬಾಯಿ ತೆರೆಯುವುದನ್ನೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದರು. ಈ ಮಾತು ಹೋದರೆ ಕಾಕಾ ಹೋದಂತೆಯೇ ಎಂದು ಕಾಕುವಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಅಂಗಡಿ ಗಂಡನಿಗೆ ಒಪ್ಪಿಸಿ ಬಂದು ಕಾಕಾನ ಮನೆಯಲ್ಲೇ ಉಳಿದೆ. ಬಸ್ ನಿಲ್ದಾಣದ ಹಲಗೆಯ ಮೇಲಿನ ಕೊನೆಯ ಮಾತು ಮಳೆಗೆ ತೊಳೆದುಹೋಗಿತ್ತು. ಒಂದು ಬೆಳಿಗ್ಗೆ ಕಾಕಾನನ್ನು ಕುರ್ಚಿಯಲ್ಲಿ ಕೂಡಿಸಿ, ನಾನು ಕಾಕು ಇಬ್ಬರೂ ಹೊತ್ತು ಅಲ್ಲಿಗೆ ಒಯ್ದೆವು. ಕುರಿ ಹೊಡೆದುಕೊಂಡು ಹೋಗುತ್ತಿದ್ದ ವಯಸ್ಸಾದ ಮುತ್ಯಾ ಒಬ್ಬರು ನಿಂತರು. ಅವರಿಗೆ ಓದಲು ಬಾರದು, ದಿನಾ ಕಾಕಾನಿಂದ ಓದಿಸಿಕೊಂಡು ಮುಂದೆ ಹೋಗುವ ರೂಢಿ. ಒಮ್ಮೆ ಗ್ರೀಸಿನವನೊಬ್ಬ ಸಿಟ್ಟಿನ ಬಗ್ಗೆ ಹೇಳಿದ್ದನ್ನು ಕೇಳಿ "ಗ್ರೀಸ್ ಅಂದ್ರ ಲಾತೂರ ಕಡಿಗೇನ್ರಿ? ಶಾಣ್ಯಾ ಮನಶ್ಯಾ ಇದ್ದಾನ" ಎಂದವರು ಇವರೇ.

"ಮಾಸ್ತರ, ಇವತ್ತ ಏನ್ ಬರಸ್ತೀರಿ?" ಎಂದರು ಮುತ್ಯಾ.

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಕಾಕಾ ಹಲಗೆ ನೋಡಿದರು, ನನ್ನ ಕೈಯ ಸೀಮೆಸುಣ್ಣ ನೋಡಿದರು, ತುಟಿ ಅಲುಗಿತು. "ಕಾ..."

"ಕಾಲ ನೋಯ್ತದೇನ್ರಿ?" ಕಂಡಕ್ಟರ್ ಕೆಳಗಿಳಿದೇ ಬಿಟ್ಟ. "ಕಾಕೂನ ಕರೀತಾರ್ರಿ," ಎಂದಿತು ಕಿಟಕಿಯಿಂದ ಒಂದು ದನಿ. ಕಾಕಾ ಬಾಯಿ ಮುಚ್ಚಿಕೊಂಡರು.

ಕಾಕು ತಿರುಗಿ ನಿಂತಳು. "ಎಲ್ಲಾರೂ ಸುಮ್ಮನಿರ್ರಿ. ಅವರ ಮಾತು ಅವರ ಆಡ್ಲಿ."

ಡ್ರೈವರ್ ಎಂಜಿನ್ ಬಂದ್ ಮಾಡಿದ. ಮುತ್ಯಾನ ಕುರಿಗಳು ಅಡ್ಡಾದಿಡ್ಡಿ ಹೋದರೂ ಮುತ್ಯಾ ಅತ್ತ ನೋಡಲಿಲ್ಲ. ಕಾಕಾನ ಹಣೆಯ ಮೇಲೆ ಬೆವರು ಬಂತು. ಪದ ತುದಿಗೆ ಬಂದು ಜಾರುವುದು, ಮತ್ತೆ ಹಿಡಿಯುವರು. ಅದನ್ನು ಹೇಳಿಕೊಡದೆ ಸುಮ್ಮನಿರುವುದಕ್ಕೆ ನಾನು ತುಟಿ ಕಚ್ಚಿಕೊಳ್ಳಬೇಕಾಯಿತು.

"ಕಾಯೋರಿದ್ರ..." ಎಂದರು. ಬಹಳ ಹೊತ್ತು ಬಿಟ್ಟು, "ಮಾತು ಬರ್ತದ."

ಒಬ್ಬರಿಗೂ ಅರ್ಥ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ನಾನು ಅದನ್ನು ಹಾಗೆಯೇ ಬರೆದೆ. ಕೆಳಗೆ ಗೀಟು ಎಳೆದು ಕಾಕಾನ ಹೆಸರು ಹಾಕಿದೆ. ಕುರ್ಚಿಯಿಂದ ಬಾಗಿ ಅವರು ಎಡಗೈಯಿಂದ ಆ ಹೆಸರನ್ನು ಒರೆಸಿಬಿಟ್ಟರು. ಇಂಥ ಸ್ಥಿತಿಯಲ್ಲೂ ಕಟ್ಟಳೆ ಬಿಡದ ಮನುಷ್ಯ. ಬಸ್ಸು ತಡವಾಗಿ ಹೊರಟಿತು, ಯಾರೂ ಗೊಣಗಲಿಲ್ಲ.

ನಾವು ಇನ್ನೂ ಅಲ್ಲಿಯೇ ಇದ್ದಾಗ ಹುಮನಾಬಾದ ಕಡೆಯಿಂದ ಬಂದ ಬಸ್ಸಿನಿಂದ ಪರ ಊರಿನವರೊಬ್ಬರು ಇಳಿದರು. ಹಲಗೆ ಓದಿ, ಗೀಟಿನ ಮುಂದೆ ಬರೀ ಬಿಳಿ ಕಲೆ ಕಂಡು, "ಭಾಳ ಚಲೋ ಅದರಿ. ಯಾರ ಹೇಳ್ಯಾರ ಇದನ್ನ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಕಾಕು ಕಾಕಾನ ಹೆಸರು ಹೇಳಿದಳು. ಒಡಪಿಲ್ಲ, ಬಾಯಿಗೆ ಸೆರಗಿಲ್ಲ, ಬರೀ ಹೆಸರು.