ಖಾಲಿ ಕುಣಿಯ ಕಾವಲು

ಅವರ ಬಲಗೈ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಚಹಾ ಕುಡಿಯುವಾಗ, ಮಾತಾಡುವಾಗ, ಬೇವಿನ ಮರದ ಕೆಳಗೆ ಕುಳಿತು ತೂಕಡಿಸುವಾಗಲೂ ತೋರುಬೆರಳನ್ನು ಒತ್ತಿ ಒತ್ತಿ ಬಿಡುತ್ತಿತ್ತು. ಎಷ್ಟೋ ವರ್ಷ ಟಿಕೀಟಿಗೆ ತೂತು ಹೊಡೆದ ಕೈ ಅದು. ಗಟ್ಟಿ ನೆಲದ ಮೇಲೆ ನಿಂತರೂ ಕಾಲು ಅಗಲಿಸಿ, ಸೊಂಟವನ್ನು ಯಾವುದಾದರೂ ಕಂಬಕ್ಕೆ ಆನಿಸಿಯೇ ನಿಲ್ಲುವರು. ಭೂಮಿ ಯಾವ ಕ್ಷಣದಲ್ಲಿ ಬ್ರೇಕು ಹಾಕುತ್ತದೋ ಎಂದು ಅದರ ಮೇಲೂ ಅವರಿಗೆ ಅನುಮಾನ.

ಊರವರೆಲ್ಲ ಅವರನ್ನು ಕಂಡಕ್ಟರ್ ಕಾಕಾ ಎನ್ನುತ್ತಿದ್ದರು. ಅಫಜಲಪುರ ತಾಲೂಕಿನ, ಭೀಮೆಯಿಂದ ಕೂಗಳತೆ ದೂರದ ಒಂದು ಊರು. ಊರ ಹೊರಗೆ ಮಾಳಿಗೆ ಬಿದ್ದುಹೋದ ಹಳೆಯ ಗುಡಿ, ಅದರ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ವೀರಗಲ್ಲುಗಳು. ನಮ್ಮಂಥ ಕಲಾವಿದರು ಹಳೆಯ ಸ್ಮಾರಕಗಳ ಬಯಲಿನಲ್ಲಿ, ಆ ಊರಿನವರ ಜೊತೆಗೂಡಿ ಹೊಸದಾಗಿ ಏನಾದರೂ ಮಾಡಬೇಕು ಎಂಬ ಯೋಜನೆಯೊಂದು ಬಂದಿತ್ತು. ನಾನು ಆಳಂದದವಳು, ಕಲಬುರಗಿಯಲ್ಲಿ ಮಣ್ಣಿನ ಶಿಲ್ಪ ಮಾಡಿಕೊಂಡಿದ್ದೆ. ಮೈಸೂರಿನ ಗೆಳೆಯನೊಬ್ಬ ಜೊತೆಯಾದ. ಪುರಾತತ್ವ ಇಲಾಖೆಯ ಒಪ್ಪಿಗೆ ಸಿಕ್ಕಿತು, ಪಂಚಾಯಿತಿಯ ಒಪ್ಪಿಗೆಯೂ ಸಿಕ್ಕಿತು. ಇನ್ನೊಬ್ಬರ ಒಪ್ಪಿಗೆ ಬೇಕೆಂದು ಯಾರೂ ನಮಗೆ ಹೇಳಿರಲಿಲ್ಲ.

ಮೊದಲ ದಿನ ಸಾಮಾನು ಇಳಿಸುತ್ತಿದ್ದಾಗ ಬೇವಿನ ಮರದ ಕೆಳಗಿನ ಪ್ಲಾಸ್ಟಿಕ್ ಕುರ್ಚಿಯಿಂದ ಬಿಳಿ ಟೋಪಿಯ ಮುದುಕರೊಬ್ಬರು ಎದ್ದು ಬಂದರು.

"ಎಲ್ಲಿಂದ ಬಂದೀರಿ? ಎಲ್ಲಿ ತನಕಾ?"

"ಕಲಬುರಗಿಲಿಂದ ಬಂದೇವ್ರಿ ಕಾಕಾ. ಇಲ್ಲೇ, ಈ ಗುಡಿ ತನಕಾ," ಎಂದೆ.

"ಇಲ್ಲಿ ತನಕಾ ಅಂತ ಯಾರೂ ಬರಂಗಿಲ್ರಿ ಮೇಡಮ್. ಎಲ್ಲಾರೂ ಮುಂದ ಹೋಗಾವ್ರೇ. ಆ ಡಬ್ಬ್ಯಾಗ ಏನದ? ತೆಗೀರಿ."

ಅವರನ್ನು ಯಾರೂ ಅಲ್ಲಿ ನೇಮಿಸಿರಲಿಲ್ಲ. ಸಂಬಳವಿಲ್ಲ, ಕೋಲಿಲ್ಲ, ಸೀಟಿಯಿಲ್ಲ. ಆದರೂ ಆ ದನಿಗೆ ನಾವು ಡಬ್ಬಿ ತೆಗೆದೆವು. ಪ್ಲಾಸ್ಟರ್ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. ಇದೇನೆಂದು ಕೇಳಿದರು. ಕಲ್ಲಿನ ಮೇಲೆ ಹಚ್ಚಿ ಅಚ್ಚು ತೆಗೆದರೆ ಅದರಂಥದೇ ಇನ್ನೊಂದು ಮಾಡಬಹುದು ಎಂದು ನನ್ನ ಗೆಳೆಯ ಬಹಳ ಉತ್ಸಾಹದಿಂದ ವಿವರಿಸಿದ. ಅದೇ ತಪ್ಪಾಯಿತು. ಕಾಕಾರ ಮುಖ ಗಂಟಿಕ್ಕಿತು.

"ಅಂದ್ರ ನಕಲಿ ಇಲ್ಲಿ ಇಟ್ಟು, ಅಸಲಿ ಗಾಡ್ಯಾಗ ಹಾಕ್ಕೊಂಡು ಹೋಗೋದು."

ಅಲ್ಲ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಅಂದಿನಿಂದ ನಾವು ಕೆಲಸ ಮುಗಿಸಿ ಹೊರಡುವಾಗ ಅವರ ತಪಾಸಣೆ ಶುರು. ಒಂದೊಂದು ವೀರಗಲ್ಲಿಗೂ ಗೆಣ್ಣಿನಿಂದ ಟಕಟಕ ಬಡಿದು ಕಿವಿಗೊಡುವರು. ಪೊಳ್ಳು ಸದ್ದು ಬಂದರೆ ನಮ್ಮನ್ನು ಅಲ್ಲೇ ಹಿಡಿಯುವ ಉಮೇದು. ಕಲ್ಲಿನ ಬೆನ್ನಿಗೆ ನಮಗೆ ಕಾಣದ ಹಾಗೆ ಸುಣ್ಣದ ಚುಕ್ಕೆ ಇಟ್ಟಿದ್ದರು. ಅದನ್ನೂ ಬಗ್ಗಿ ನೋಡುವರು. ಆಮೇಲೆ ನಮ್ಮ ಚೀಲ. ಒಮ್ಮೆ ನನ್ನ ಬುತ್ತಿಯ ಸಜ್ಜೆ ರೊಟ್ಟಿಯನ್ನೂ ಎತ್ತಿ ತೂಕ ನೋಡಿದರು. "ರೊಟ್ಟಿ ಭಾಳ ಗಟ್ಟಿ ಅದ ಬಿಡ್ರಿ, ಇದು ಕಲ್ಲೇ," ಎಂದು ನಗದೆ ಹೇಳಿದರು. ತಮಾಷೆಯೋ ಚುಚ್ಚುಮಾತೋ ತಿಳಿಯದೆ ನನಗೆ ಸಿಟ್ಟು ಬಂತು. ಹೋದಲ್ಲೆಲ್ಲ ನನ್ನನ್ನು ಕಲಾವಿದೆ ಎಂದು ಕುರ್ಚಿ ಹಾಕಿ ಕೂಡಿಸುತ್ತಿದ್ದರು. ಇಲ್ಲಿ ಕಳ್ಳಿಯ ಹಾಗೆ ಕೈ ಚೀಲ ಬಿಚ್ಚಿ ನಿಲ್ಲಬೇಕಿತ್ತು.

ವೀರಗಲ್ಲುಗಳ ಸಾಲಿನ ನಡುವೆ ಒಂದು ಕಡೆ ಕಲ್ಲಿರಲಿಲ್ಲ. ಮೊಣಕಾಲುದ್ದದ ಕುಣಿಯೊಂದಿತ್ತು, ಅದರೊಳಗಿನ ಮಣ್ಣು ಎಣ್ಣೆ ಕುಡಿದು ಕಪ್ಪಾಗಿತ್ತು. ಯಾರೋ ಟ್ರ್ಯಾಕ್ಟರಿನವರು ಎಣ್ಣೆ ಬದಲಿಸಿ ಚೆಲ್ಲಿದ್ದಾರೆ ಎಂದುಕೊಂಡೆವು. ನಮ್ಮ ಕೆಲಸದ ಮುಖ್ಯ ಶಿಲ್ಪಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಸುಟ್ಟ ಮಣ್ಣಿನ ಒಂದು ಆಕೃತಿಯನ್ನು ಆ ಸಾಲು ತುಂಬುವ ಹಾಗೆ ಅಲ್ಲಿ ನಿಲ್ಲಿಸುವುದು, ಅದರ ಸುತ್ತ ಊರ ಹೆಂಗಸರು, ಮಕ್ಕಳು ಮಾಡಿದ ಚಿಕ್ಕ ಆಕೃತಿಗಳನ್ನು ಬಯಲಿನಲ್ಲಿ ಇಡುವುದು ಎಂದು ಯೋಚಿಸಿದ್ದೆವು.

ಕುಣಿಯ ಕಥೆ ಹೇಳಿದವನು ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು. ಅಲ್ಲೊಂದು ಗಿಡ್ಡ ವೀರಗಲ್ಲು ಇತ್ತಂತೆ. ಊರಿನ ಒಂದು ಒಕ್ಕಲು ಮನೆತನದವರ ಹಿರಿಯನ ಕಲ್ಲು. ಆ ಮನೆಗೆ ಬಂದ ಸೊಸೆ ಮೊದಲು ಆ ಕಲ್ಲಿಗೆ ಎಣ್ಣೆ ಎರೆದು, ಆಮೇಲೆ ಮನೆಯ ಹೊಸ್ತಿಲು ದಾಟಬೇಕು. ಬಹಳ ವರ್ಷಗಳ ಹಿಂದೆ ಯಾರೋ ಬಂದು ಕಲ್ಲಿನ ಅಕ್ಷರ ಓದುತ್ತೇವೆಂದು ಎರಡು ದಿನ ಇದ್ದು ಹೋದರು. ಅವರು ಹೋದ ಮೇಲೆ ನೋಡಿದರೆ ಕಲ್ಲಿಲ್ಲ. ಆ ಮನೆಯ ಸೊಸೆಯಂದಿರು ಇವತ್ತಿಗೂ ಖಾಲಿ ಕುಣಿಗೇ ಎಣ್ಣೆ ಎರೆಯುತ್ತಾರೆ.

"ಅವಾಗ ಊರಿಗೆ ಇದ್ದದ್ದು ಒಂದೇ ವಸ್ತಿ ಬಸ್ಸು. ರಾತ್ರಿ ಇಲ್ಲೇ ನಿಂತು ನಸಕ್ನ್ಯಾಗ ಹೋಗ್ತಿತ್ತು," ಎಂದು ಅವನು ದನಿ ತಗ್ಗಿಸಿದ. "ಅದರ ಕಂಡಕ್ಟರ್ ಯಾರು? ಇವನೇ. ಕಲ್ಲೇನು ನಡಕೊಂಡು ಹೋಗ್ತದೇನ್ರಿ? ಏನ್ ತಿಂದಾನೋ ಯಾರಿಗೆ ಗೊತ್ತು. ಮಾರಿ ಮುಂದ ಯಾರೂ ಅನ್ನಂಗಿಲ್ಲ ಅಷ್ಟ."

ನನಗೆ ಒಳಗೊಳಗೇ ಒಂಥರಾ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನಮ್ಮ ಚೀಲ ಬಿಚ್ಚಿಸುವವರ ಚೀಲದಲ್ಲೇ ಏನೋ ಇದೆ! ಗೆಳೆಯ ಇನ್ನೂ ಮುಂದೆ ಹೋದ. "ಆ ಮುದುಕನ ಮೇಲೆ ಒಂದು ಕಣ್ಣಿರಲಿ. ಉಳಿದ ಕಲ್ಲುಗಳಿಗೂ ಗಿರಾಕಿ ಹುಡುಕ್ತಿದಾನೋ ಏನೋ," ಎಂದ. ಅಲ್ಲಿಂದ ಮುಂದೆ ಅವರು ನಮ್ಮನ್ನು ಕಾಯುವುದು, ನಾವು ಅವರನ್ನು ಕಾಯುವುದು. ಅವರು ಯಾರ ಜೊತೆ ಮಾತಾಡುತ್ತಾರೆ, ಮೊಬೈಲಿನಲ್ಲಿ ಯಾಕೆ ಅಷ್ಟು ಮೆಲ್ಲಗೆ ಮಾತಾಡುತ್ತಾರೆ ಎಂದೆಲ್ಲ ನೋಡಿದೆ. ಕಂಡದ್ದು ಒಂದೇ. ಆ ಮನೆತನದ ಹಿರಿಯ ಹೆಂಗಸು, ಊರೆಲ್ಲ ಆಯಿ ಎಂದು ಕರೆಯುವವಳು, ದಾರಿಯಲ್ಲಿ ಎದುರಾದರೆ ಅವರನ್ನು ನೋಡಿದೊಡನೆ ಸೆರಗು ಎಳೆದುಕೊಂಡು ಆಚೆ ಬದಿಗೆ ಹೋಗಿಬಿಡುತ್ತಿದ್ದಳು. ಕಾಕಾ ತಲೆ ತಗ್ಗಿಸುತ್ತಿದ್ದರು. ನನ್ನ ಅನುಮಾನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಪ್ರದರ್ಶನ ತೆರೆಯುವ ದಿನ ಹತ್ತಿರ ಬಂದಾಗ, ಒಂದು ಮುಂಜಾನೆ ಹೋಗಿ ನೋಡಿದರೆ ಕುಣಿಯ ಪಕ್ಕದಲ್ಲಿ ಇಟ್ಟಿದ್ದ ನನ್ನ ಮಣ್ಣಿನ ಆಕೃತಿ ಇಲ್ಲ. ಬೇವಿನ ಕೆಳಗೆ ಕುರ್ಚಿಯೂ ಖಾಲಿ. ನೆಲದ ಮೇಲೆ ತಳ್ಳುಗಾಡಿಯ ಗಾಲಿಯ ಗುರುತು ನೇರ ಕಾಕಾರ ಓಣಿಗೆ ಹೋಗಿತ್ತು. ನಾನು ಹೋದ ವೇಗಕ್ಕೆ ಅವರ ಮನೆಯ ಕೋಳಿಗಳು ದಿಕ್ಕಾಪಾಲಾದವು. ಒಳಗೆ ಮಂಚದ ಮೇಲೆ ನನ್ನ ಶಿಲ್ಪ ಹೂವಿನ ಚಾದರ ಹೊದ್ದು ಮಲಗಿತ್ತು. ಕಾಕಾ ನೆಲದ ಮೇಲೆ ಕುಳಿತಿದ್ದರು.

"ಕಳ್ತನ ಮಾಡಿದ್ದು ನಾವಲ್ರಿ ಕಾಕಾ, ನೀವು! ಆ ಕಲ್ಲನ್ನೂ ನೀವೇ ಕಳಿಸಿದ್ರಂತಲ್ಲ," ಎಂದು ಕೂಗಿದೆ.

ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ಬಾಗಿಲು ಓರೆ ಮಾಡಿ, "ಕೂಡು ಬೇಟಿ," ಎಂದರು. ಅಲ್ಲಿಯವರೆಗೆ ನಾನು ಮೇಡಮ್ ಆಗಿದ್ದೆ.

"ಅಮಾಸಿ ದಿನ ಅದು. ಘತ್ತರಗಿ ದೇವಿಗೆ ಹೋಗೋ ಮಂದಿ. ಬಸ್ಸಿನ್ಯಾಗ ಕಾಲಿಡಾಕ ಜಾಗಾ ಇರ್ಲಿಲ್ಲ. ಇಬ್ರು ಗೋಣಿಚೀಲದಾಗ ಏನೋ ಕಟ್ಕೊಂಡು ಹತ್ತಿದ್ರು. ಏನ್ರಪಾ ಅದು ಅಂದೆ. ಬೀಸುಕಲ್ಲು ಅಂದ್ರು. ಹಂಗಾರ ಲಗೇಜ್ ಆಗ್ತದ ಅಂತ ಟಿಕೀಟ್ ಹರದು ಕೈಯಾಗ ಕೊಟ್ಟೆ. ಚೀಲ ಬಿಚ್ಚರಿ ಅಂತ ಒಂದು ಮಾತು ಅನ್ನಲಿಲ್ಲ ನೋಡು. ಕಲ್ಲು ಹೋಗ್ಯಾದ ಅಂತ ಊರಾಗ ಗದ್ದಲ ಆತು, ಅವಾಗ ನನಗ ತಿಳೀತು. ಬಾಯಿ ಬಿಟ್ರ ನೌಕರಿ ಹೋಗ್ತದ ಅಂತ ಅಂಜಿದೆ. ನೌಕರಿ ಮುಗೀತು. ಅಂಜಿಕಿ ಮುಗೀಲಿಲ್ಲ."

"ಅದಕ್ಕೂ ನನ್ನ ಗೊಂಬಿಗೂ ಏನ್ ಸಂಬಂಧ?" ಎಂದೆ. ನನ್ನ ದನಿ ಇಳಿದಿತ್ತು.

"ನೀ ಇದನ್ನ ಆ ಕುಣ್ಯಾಗ ಕೂಡಿಸಿದ್ರ ನಾಳೆ ಸೊಸ್ತೇರು ಇದಕ್ಕೇ ಎಣ್ಣಿ ಹಾಕ್ತಾರ. ಚಂದನೂ ಅದ, ಹಾಕೇ ಹಾಕ್ತಾರ. ಅಲ್ಲೊಂದು ಕಲ್ಲಿತ್ತು, ಹೋತು ಅಂಬೋದು ಎಲ್ಲಾರೂ ಮರೀತಾರ. ಆಮ್ಯಾಲ ನಾ ಯಾರ ಮುಂದ ಹೇಳ್ಲಿ?"

ನಾನು ಅವರನ್ನು ನಂಬಿದೆನೇ? ಪೂರ್ತಿಯಾಗಿ ಇಲ್ಲ. ಕಳ್ಳರೂ ಚೆನ್ನಾಗಿ ಅಳುತ್ತಾರೆ. "ಹಂಗಾರ ಈಗ ಹೇಳ್ರಿ. ಆಯಿ ಮುಂದ ಹೇಳ್ರಿ," ಎಂದೆ. ಅವರ ಹೆಬ್ಬೆರಳು ನಿಂತುಹೋಯಿತು. "ಆಕಿ ನನ್ನ ಮಾರೀನೇ ನೋಡಂಗಿಲ್ಲ. ಆಕಿಗೆ ಎಲ್ಲಾ ಗೊತ್ತದ. ನಾ ರೊಕ್ಕ ತಿಂದೀನಿ ಅಂತ ತಿಳ್ಕೊಂಡಾಳ," ಎಂದರು.

ಗೆಳೆಯನ ಜೊತೆ ಜಗಳವೇ ಆಯಿತು. ಮುದುಕನ ಕಟ್ಟುಕಥೆಗೆ ತಿಂಗಳುಗಳ ಕೆಲಸ ಬದಲಿಸುವುದೇ ಎಂದು ಕೇಳಿದ. ಆದರೆ ಆ ಕುಣಿಯ ಎದುರು ಆಕೃತಿಯನ್ನು ಎತ್ತಿ ಹಿಡಿದಾಗ ಅದನ್ನು ಒಳಗಿಡಲು ಕೈ ಬರಲಿಲ್ಲ. ಕೊನೆಗೆ ಕುಣಿಯನ್ನು ಹಾಗೇ ಬಿಟ್ಟೆವು. ನನ್ನ ಶಿಲ್ಪವನ್ನೂ ಊರವರ ಆಕೃತಿಗಳನ್ನೂ ಬಯಲಿನಲ್ಲಿ ಸುತ್ತಲೂ ನಿಲ್ಲಿಸಿದೆವು, ಎಲ್ಲದರ ಮುಖ ಆ ಖಾಲಿ ಜಾಗದ ಕಡೆಗೆ.

ತೆರೆಯುವ ದಿನ ಇಳಿಹೊತ್ತಿಗೆ ಊರೇ ನೆರೆದಿತ್ತು. ಭಾಷಣಗಳು ಮುಗಿದವು. ಎಲ್ಲರೂ ಕುಣಿಯ ಕಡೆ ನೋಡುತ್ತ, ಇಲ್ಲೇನೂ ಇಡಲಿಲ್ಲವಲ್ಲ ಎಂದು ಪಿಸುಗುಟ್ಟುತ್ತಿದ್ದರು. ಆಗ ಕಾಕಾ ಕಂಬ ಬಿಟ್ಟು ಮುಂದೆ ಬಂದರು. ಆನಿಕೊಳ್ಳಲು ಏನೂ ಇಲ್ಲದೆ ಅವರು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. "ಇಲ್ಲಿದ್ದ ಕಲ್ಲು ನನ್ನ ಬಸ್ಸಿನ್ಯಾಗ ಹೋತು. ಟಿಕೀಟ್ ಕೊಟ್ಟಾಂವ ನಾನು. ರೊಕ್ಕ ತಿಂದಿಲ್ಲ. ಆದ್ರ ಚೀಲ ಬಿಚ್ಚಿಸಲಿಲ್ಲ, ಆಮ್ಯಾಲ ಬಾಯೂ ಬಿಡಲಿಲ್ಲ," ಎಂದರು. ಹಿಂದಿನಿಂದ ಯಾರೋ "ನಮಗ ಮೊದಲೇ ಗೊತ್ತಿತ್ತು" ಎಂದರು. ಚಹಾದಂಗಡಿಯವನು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಇವರನ್ನು ಈ ಮಂದಿಯ ಬಾಯಿಗೆ ನಾನೇ ತಳ್ಳಿದೆನೇ?

ಹೆಂಗಸರ ಗುಂಪಿನಿಂದ ಆಯಿ ಎದ್ದಳು. ಮೊದಲು ಹಿಂದೆ ತಿರುಗಿ, ಗೊತ್ತಿತ್ತು ಎಂದವನ ಕಡೆಗೆ, "ನಿನಗೇನ್ ಗೊತ್ತಲೇ, ಸುಮ್ ಕೂಡು," ಎಂದಳು. ಆಮೇಲೆ ಕಾಕಾರ ಎದುರು ಬಂದು ನಿಂತಳು.

"ಆವತ್ತ ನಾನೂ ಅದೇ ಬಸ್ಸಿನ್ಯಾಗ ಇದ್ದೆ ಅಣ್ಣಾ. ಹೊಟ್ಯಾಗ ನನ್ನ ಹಿರಿ ಮಗ ಇದ್ದ. ಕೂಡಾಕ ಜಾಗಾ ಇರ್ಲಿಲ್ಲ. ನಿಂತ್ಕೊಬ್ಯಾಡ ತಂಗಿ, ಆ ಚೀಲದ ಮ್ಯಾಲ ಕೂಡು ಅಂದಿ ನೀ. ಘತ್ತರಗಿ ತನಕಾ ಕೂತೆ. ನಮ್ಮ ಮನಿ ಹಿರಿಯನ ಮ್ಯಾಲ ನಾನೇ ಕೂತು ಹೋಗೀನಿ. ಇದನ್ನ ನಮ್ಮತ್ತಿ ಮುಂದ ಹೆಂಗ ಹೇಳ್ಲಿ? ಆ ಚೀಲದಾಗ ಏನಿತ್ತು, ಮ್ಯಾಲ ಯಾರು ಕೂತಿದ್ರು ಅಂಬೋದು ನಿನಗೊಬ್ಬಗ ಗೊತ್ತಿತ್ತು. ಎಂದರ ಊರ ಮುಂದ ಹೇಳ್ತಿ ಅಂತ ಅಂಜಿ ನಾ ನಿನ್ನ ಮಾರಿ ತಪ್ಪಸ್ತಿದ್ದೆ."

ಕಾಕಾ ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟರು. "ನೀನೇನು ಅದು? ನನಗ ನೆನಪೇ ಇಲ್ಲಬೇ," ಎಂದರು ಕೊನೆಗೆ. ಆಯಿಯೂ ಕುಳಿತಳು. ಇಬ್ಬರೂ ಆ ಕುಣಿಯ ಅತ್ತಿತ್ತ ಕುಳಿತು ಅತ್ತರು. ಜನ ಮೆಲ್ಲಗೆ ಕರಗಿದರು. ನನ್ನ ಗೆಳೆಯ ಕ್ಯಾಮರಾ ಎತ್ತಿ, ಮತ್ತೆ ಇಳಿಸಿದ.

ಆ ಸಲದ ಬೇಸಿಗೆ ಮುಗಿಯುವುದರೊಳಗೆ ಕಾಕಾ ತೀರಿಹೋದರು. ಆಮೇಲೆ ಬೇರೆ ಬೇರೆ ಕೋಟೆ, ಗುಡಿ, ಬಾವಿಗಳ ಅಂಗಳದಲ್ಲಿ ನಾನು ಕೆಲಸ ಮಾಡಿದ್ದೇನೆ. ಖಾಲಿ ಜಾಗ ಕಂಡರೆ ಈಗ ಕೈ ಮೊದಲಿನ ಹಾಗೆ ಮುಂದೆ ಹೋಗುವುದಿಲ್ಲ. ಇಲ್ಲಿ ಏನಿತ್ತು, ಯಾರು ಒಯ್ದರು ಎಂದು ಊರವರನ್ನು ಕೇಳುತ್ತೇನೆ. ಈ ಅನುಮಾನ ಅವರು ಕೊಟ್ಟದ್ದು. ನನ್ನ ಶಿಲ್ಪವನ್ನು ಅವರು ಕದಿಯದಿದ್ದರೆ, ನಾನು ಬಹಳ ಚಂದವಾಗಿ ಇಬ್ಬರ ಬಾಯಿ ಮುಚ್ಚಿ ಬರುತ್ತಿದ್ದೆ.

ಆ ಬೇಸಿಗೆಯಲ್ಲಿ ಕಾಕಾ ಹೋದ ಸುದ್ದಿ ತಿಳಿದು ಅವರ ಮನೆಗೆ ಹೋದಾಗ ಮಣ್ಣು ಕೊಟ್ಟು ಗಂಡಸರು ವಾಪಸು ಬಂದಿದ್ದರು. ಒಳಗೆ ಮನೆಯ ಹೆಂಗಸರ ನಡುವೆ ಆಯಿ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ನೋಡಿ ಪಕ್ಕದಲ್ಲಿ ಜಾಗ ಮಾಡಿದಳು. ನನ್ನ ಕೈ ಹಿಡಿದುಕೊಂಡು, "ಮುದುಕ ಆಗಿದ್ದ, ಹೋಗಾಂವನೇ ಇದ್ದ. ಆದ್ರ ನಾವು ಮಾತಾಡಾಕ ಸುರು ಮಾಡಿ ಇನ್ನಾ ಎಷ್ಟ್ ದಿನಾ ಆಗಿತ್ತವ್ವಾ?" ಎಂದಳು.